ಅವಕಾಶ ಕೊಡ್ರಿ, ಅಂಕ ಕೊಡಬ್ಯಾಡ್ರಿ

ಗೆದ್ದವನಿಗೆ ಮೂರು ಅಂಕ ಎಂದು ಬರೆದಿಟ್ಟ ಆಟದಲ್ಲಿ ಒಬ್ಬನಿಗೆ ಮಾತ್ರ ಆರು ಅಂಕ ಕೊಡಬಹುದೆ? ಬ್ರಿಟನ್ನಿನ ಸ್ಪೀಡ್‌ವೇ ಎಂಬ ಬೈಕ್ ಓಟದ ಲೀಗಿನಲ್ಲಿ ಕೊಡುತ್ತಿದ್ದರು. 2000ರ ದಶಕದಲ್ಲಿ ಅಲ್ಲಿ ಒಂದು ನಿಯಮ ಬಂತು. ಪಂದ್ಯದ ನಡುವೆ ಒಂದು ತಂಡ ಬಹಳ ಹಿಂದೆ ಬಿದ್ದರೆ ಅದರ ಮ್ಯಾನೇಜರು ತನ್ನ ಒಳ್ಳೆಯ ಸವಾರನೊಬ್ಬನಿಗೆ ಕಪ್ಪು-ಬಿಳುಪು ಬಣ್ಣದ ಹೆಲ್ಮೆಟ್ ಕವರ್ ತೊಡಿಸಿ ಕಳಿಸಬಹುದಿತ್ತು. ಆ ಓಟದಲ್ಲಿ ಅವನು ಗಳಿಸಿದ್ದೆಲ್ಲ ಇಮ್ಮಡಿ. ಅವನು ಮೊದಲು ಬಂದು, ಅವನ ಜೊತೆಗಾರ ಎರಡನೆಯವನಾಗಿ ಬಂದರೆ ಆ ತಂಡಕ್ಕೆ ಎಂಟು, ಎದುರಾಳಿಗೆ ಒಂದು. ಉಳಿದ ಓಟಗಳಲ್ಲಿ ಹಂಚಿಕೆಯಾಗುವುದು ಒಟ್ಟು ಆರೇ ಅಂಕ. ಈ ಒಂದರಲ್ಲಿ ಒಂಬತ್ತು.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಸುತ್ತಲಿನ ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್‌ಗಳನ್ನು ಲೇತಿಗೆ ಹಾಕಿ ಟರ್ನಿಂಗ್, ಬೋರಿಂಗ್ ಮಾಡಿಕೊಡುವ ಜಾಬ್ ವರ್ಕ್ ನಮ್ಮದು. ಇಂಥವನಿಗೆ ಇಂಗ್ಲೆಂಡಿನ ಬೈಕ್ ಓಟದ ಹುಚ್ಚು ಹಿಡಿಸಿದವನು ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ. ಅವನ ಮನೆಗೆ ಹೋದಾಗ ಅಲ್ಲಿನ ಬೆಲ್ ವ್ಯೂ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋದ. ಆಮೇಲೆ ನಾನು ಬಿಡಲಿಲ್ಲ. ಈಗ ಅವನು ಅಲ್ಲಿ ನೋಡುತ್ತಾನೆ, ನಾನು ಇಲ್ಲಿ ಫೋನಿನಲ್ಲಿ ನೋಡುತ್ತೇನೆ, ಇಬ್ಬರೂ ನಿಯಮಗಳ ಮೇಲೆ ಜಗಳ ಆಡುತ್ತೇವೆ. ಆ ಜಗಳದಲ್ಲಿ ನನ್ನ ಪಕ್ಷ ಯಾವುದು ಎಂದು ಹೇಳುವುದಕ್ಕೇ ಈ ಬರಹ. ಸ್ಪೀಡ್‌ವೇ ಹೆಸರನ್ನೇ ಕೇಳದವರಿಗೂ ಇದು ದೂರದ ಮಾತಲ್ಲ. ನಮ್ಮ ಜಾತ್ರೆಯ ಕುಸ್ತಿ, ಗಾಡಾ ಶರ್ಯತ್ತು ಎಂಬ ಎತ್ತಿನ ಗಾಡಿ ಓಟ, ಟೆನಿಸ್ ಬಾಲ್ ಕ್ರಿಕೆಟ್, ಟಿವಿಯ ಕಬಡ್ಡಿ ಎಲ್ಲದರಲ್ಲೂ ಇದೇ ತಕರಾರು ಇದ್ದೇ ಇದೆ.

ಬ್ರೇಕ್ ಇಲ್ಲದ ಬೈಕು

ಮೊದಲು ಆಟದ ಪರಿಚಯ. ಮೊಟ್ಟೆಯಾಕಾರದ, ಸುಮಾರು 300 ಮೀಟರ್ ಸುತ್ತಳತೆಯ ಮಣ್ಣಿನ ದಾರಿ. ಮೇಲೆ ಷೇಲ್ ಎನ್ನುವ ಪುಡಿಗಲ್ಲಿನ ಹಾಸು. ನಮ್ಮ ಕಡೆಯವರು ನೋಡಿದರೆ ಖಾನಾಪುರದ ಹೆಂಚಿನ ಭಟ್ಟಿಯ ಅಂಗಳ ಎಂದಾರು, ಅಷ್ಟು ಕೆಂಪು. ಒಂದು ಓಟಕ್ಕೆ ನಾಲ್ವರು ಸವಾರರು, ನಾಲ್ಕು ಸುತ್ತು, ಎಡಕ್ಕೇ ತಿರುವು. ಒಂದು ನಿಮಿಷದ ಆಚೀಚೆ ಎಲ್ಲ ಮುಗಿಯುತ್ತದೆ. ಬೈಕಿಗೆ ಒಂದೇ ಸಿಲಿಂಡರಿನ 500 ಸಿಸಿ ಎಂಜಿನ್, ಕುಡಿಯುವುದು ಮೆಥನಾಲ್. ಗೇರು ಒಂದೇ. ಬ್ರೇಕಂತೂ ಇಲ್ಲವೇ ಇಲ್ಲ. ತಿರುವಿನಲ್ಲಿ ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ ತಿರುಗಿಸಬೇಕು. ಬೈಕಿನ ತೂಕ 77 ಕಿಲೋಗಿಂತ ಕಡಿಮೆ ಇರಕೂಡದು. ನಮ್ಮ ಶೆಡ್ಡಿನ ಹುಡುಗನಿಗೆ ವಿಡಿಯೊ ತೋರಿಸಿದಾಗ ಅವನು ಕೇಳಿದ್ದು ಒಂದೇ: ‘ಬ್ರೇಕ್ ಇಲ್ಲಂದ್ರ ಇವರು ನಿಲ್ಲೂದು ಹೆಂಗ್ರೀ ಸಾವಕಾರ್ರ?’ ಥ್ರಾಟಲ್ ಬಿಟ್ಟು ನಿಲ್ಲುತ್ತಾರೆ. ಇಲ್ಲವೆ ಬೇಲಿಗೆ ಬಡಿದು ನಿಲ್ಲುತ್ತಾರೆ.

ಆಸ್ಟ್ರೇಲಿಯಾದ ವೆಸ್ಟ್ ಮೇಟ್ಲೆಂಡ್ ಊರಿನ ಕೃಷಿ ಮೇಳದ ಬಯಲಿನಲ್ಲಿ 1923ರ ಡಿಸೆಂಬರಿನಲ್ಲಿ ಜಾನಿ ಹಾಸ್ಕಿನ್ಸ್ ಎಂಬಾತ ನಡೆಸಿದ ಓಟವನ್ನು ಈ ಆಟದ ಮೂಲವೆಂದು ಹೇಳುವುದು ರೂಢಿ. ಮೇಳಕ್ಕೆ ಜನ ಸೇರಿಸುವ ಉಪಾಯ ಅದು. ನಮ್ಮಲ್ಲಿ ಜಾತ್ರೆಗೆ ಶರ್ಯತ್ತು ಇಡುವುದೂ ಅದಕ್ಕೇ ತಾನೆ. ಬ್ರಿಟನ್ನಿಗೆ ಇದು ಕಾಲಿಟ್ಟದ್ದು 1928ರ ಫೆಬ್ರುವರಿ 19ರಂದು, ಲಂಡನ್ ಅಂಚಿನ ಎಪ್ಪಿಂಗ್ ಕಾಡಿನ ಹೈ ಬೀಚ್ ಎಂಬಲ್ಲಿ. ಸಂಘಟಕರ ಎಣಿಕೆಯನ್ನೆಲ್ಲ ಮೀರಿ ಜನ ಬಂದರು. ಮರುವರ್ಷವೇ ತಂಡಗಳ ಲೀಗು ಶುರುವಾಯಿತು.

ಲೀಗ್ ಪಂದ್ಯವೆಂದರೆ ಎರಡು ತಂಡ, ತಂಡಕ್ಕೆ ಏಳು ಸವಾರರು, ಒಟ್ಟು 15 ಓಟ. ಪ್ರತಿ ಓಟಕ್ಕೆ ತಂಡದಿಂದ ಇಬ್ಬರು. ಮೊದಲನೆಯವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಆತಿಥೇಯರಿಗೆ ಕೆಂಪು, ನೀಲಿ ಹೆಲ್ಮೆಟ್ ಕವರು. ಬಂದವರಿಗೆ ಬಿಳಿ, ಹಳದಿ. ನೋಡಲು ಬಂದವರ ಕೈಯಲ್ಲಿ ಒಂದು ಪುಸ್ತಿಕೆ, ಒಂದು ಪೆನ್ಸಿಲ್. ಪುಸ್ತಿಕೆಯಲ್ಲಿ ಓಟಕ್ಕೊಂದರಂತೆ ಖಾಲಿ ಮನೆಗಳು. ಓಟ ಮುಗಿದ ಕೂಡಲೇ ಮುದುಕರೂ ಮಕ್ಕಳೂ ತಲೆ ತಗ್ಗಿಸಿ ಅಂಕ ತುಂಬುತ್ತಾರೆ. ಹೀಗೆ ಅಂಕವನ್ನು ತಾನೇ ಬರೆದುಕೊಂಡ ಪ್ರೇಕ್ಷಕನಿಗೆ ನ್ಯಾಯದ ಲೆಕ್ಕವೂ ಗೊತ್ತಿರುತ್ತದೆ. ಅವರ ಬಾಯಲ್ಲಿ ನಿಯಮಗಳ ಚರ್ಚೆ ಅಷ್ಟು ಜೋರಾಗಿರುವುದು ಅದರಿಂದಲೇ ಇರಬೇಕು.

ಬಲ ಹಂಚುವ ಲೆಕ್ಕ

ಎಲ್ಲ ತಂಡಗಳ ಬಲ ಹೆಚ್ಚುಕಡಿಮೆ ಸಮ ಇರಬೇಕು ಎಂಬುದು ಬ್ರಿಟಿಷ್ ಸ್ಪೀಡ್‌ವೇಯ ಹಳೆಯ ಹಂಬಲ. 1960ರ ದಶಕದ ಆರಂಭದಲ್ಲಿ ಅಲ್ಲಿ ಎರಡು ಲೀಗುಗಳು ಪರಸ್ಪರ ಮುಖ ತಿರುಗಿಸಿಕೊಂಡಿದ್ದವು. 1964ರಲ್ಲಿ ಒಂದು ಲೀಗು ಅಧಿಕೃತ ಮನ್ನಣೆ ಇಲ್ಲದೆಯೇ ನಡೆಯಿತು. ಲಾರ್ಡ್ ಶಾಕ್ರಾಸ್ ನೇತೃತ್ವದಲ್ಲಿ ವಿಚಾರಣೆ ನಡೆದು, 1965ರಲ್ಲಿ 18 ತಂಡಗಳ ಒಂದೇ ಬ್ರಿಟಿಷ್ ಲೀಗು ಹುಟ್ಟಿತು. ಆಗ ಸವಾರರನ್ನು ಹಂಚಲು ಒಂದು ಸಮಿತಿ ಇತ್ತು. ಈ ತಂಡ ಬಹಳ ಬಲವಾಯಿತು, ಅದರ ಒಬ್ಬನನ್ನು ತೆಗೆದು ಆ ಬಡ ತಂಡಕ್ಕೆ ಕೊಡಿ ಎಂದು ಸಮಿತಿ ಹೇಳಿದರೆ ಸವಾರ ಗಂಟುಮೂಟೆ ಕಟ್ಟಬೇಕು.

ಸಮಿತಿಯ ಜಾಗಕ್ಕೆ ಮುಂದೆ ಗಣಿತ ಬಂತು. ಪ್ರತಿ ಸವಾರನಿಗೂ ಒಂದು ಸರಾಸರಿ. ಅವನು ಗಳಿಸಿದ ಅಂಕಗಳನ್ನು ಓಡಿದ ಓಟಗಳಿಂದ ಭಾಗಿಸಿ ನಾಲ್ಕರಿಂದ ಗುಣಿಸಬೇಕು. 24 ಓಟಗಳಲ್ಲಿ 48 ಅಂಕ ಗಳಿಸಿದವನ ಸರಾಸರಿ 8. ಎಲ್ಲ ಓಟ ಗೆದ್ದವನದು 12. ಜೊತೆಗಾರನ ಬೆನ್ನ ಹಿಂದೆಯೇ ಬಂದು ಎದುರಾಳಿಯನ್ನು ತಡೆದವನಿಗೆ ಒಂದು ಬೋನಸ್ ಅಂಕವಿದೆ. ಅದು ತಂಡದ ಮೊತ್ತಕ್ಕೆ ಸೇರುವುದಿಲ್ಲ, ಸವಾರನ ಸರಾಸರಿಗೆ ಸೇರುತ್ತದೆ. ಹಂಗಾಮಿನ ಆರಂಭದಲ್ಲಿ ತಂಡ ಕಟ್ಟುವಾಗ ಏಳು ಸವಾರರ ಸರಾಸರಿಗಳ ಮೊತ್ತ ಒಂದು ಮಿತಿಯನ್ನು ದಾಟಕೂಡದು. ಮಿತಿ 40 ಎಂದುಕೊಳ್ಳಿ. 9, 8, 7, 6, 4, 3, 3 ಹಾಕಿದರೆ ಕೋಟಾ ಮುಗಿಯಿತು. ಹತ್ತರ ಸವಾರನನ್ನು ತರಬೇಕೆಂದರೆ ಇನ್ನೊಂದು ಕಡೆ ಮೂರರವನನ್ನು ಎರಡಕ್ಕೆ ಇಳಿಸಬೇಕು. ಎಷ್ಟು ಮಿತಿ ಎಂಬುದನ್ನು ಚಳಿಗಾಲದಲ್ಲಿ ಸಭೆ ಸೇರಿ ಗೊತ್ತುಮಾಡುತ್ತಾರೆ. ವರ್ಷದಿಂದ ವರ್ಷಕ್ಕೆ ಅದು ಏರಿದ್ದೂ ಇದೆ, ಇಳಿದದ್ದೂ ಇದೆ.

ಈ ಮಿತಿ ನನಗೆ ತಾತ್ವಿಕವಾಗಿ ಒಪ್ಪಿಗೆ. ದುಡ್ಡಿದ್ದವನು ಒಳ್ಳೆಯವರನ್ನೆಲ್ಲ ಬಾಚಿಕೊಂಡರೆ ಏಪ್ರಿಲ್‌ನಲ್ಲೇ ಲೀಗು ಮುಗಿದುಹೋಗುತ್ತದೆ. ಆದರೆ ಇದರಲ್ಲಿ ಒಂದು ಕಹಿ ಇದೆ. ಒಂದು ಕ್ಲಬ್ಬು ಹತ್ತೊಂಬತ್ತರ ಹುಡುಗನೊಬ್ಬನನ್ನು ತಂದು, ಬೀಳಿಸಿ, ಎಬ್ಬಿಸಿ, ಕಲಿಸಿ, ಮೂರರ ಸರಾಸರಿಯಿಂದ ಆರಕ್ಕೆ ಏರಿಸಿತು ಎನ್ನಿ. ಇನ್ನೊಬ್ಬ ಐದರಿಂದ ಏಳಕ್ಕೆ ಏರಿದ. ತಂಡ ಕಪ್ಪು ಗೆದ್ದಿತು. ಮುಂದಿನ ವರ್ಷ ಅದೇ ಏಳು ಜನರ ಮೊತ್ತ ಮಿತಿ ದಾಟಿರುತ್ತದೆ. ಯಾರನ್ನೋ ಕಳಿಸಲೇಬೇಕು. ಬೆಳೆಸಿದ್ದಕ್ಕೇ ದಂಡ ಕಟ್ಟಿದ ಹಾಗಾಯಿತು. ಅತ್ತ ಸವಾರನಿಗೂ ಸಂಕಟ. ಅಲ್ಲಿ ಬಹುತೇಕ ಸವಾರರು ಸಂಬಳದ ನೌಕರರಲ್ಲ. ತಮ್ಮ ಬೈಕು, ತಮ್ಮ ಎಂಜಿನ್, ತಮ್ಮ ವ್ಯಾನು, ಅಂಕಕ್ಕೆ ಇಷ್ಟು ಎಂದು ಕೂಲಿ. ಹೆಚ್ಚು ಅಂಕ ಗಳಿಸಿದರೆ ಈ ವರ್ಷ ಕಿಸೆ ತುಂಬುತ್ತದೆ, ಮುಂದಿನ ವರ್ಷ ಅವನ ಸರಾಸರಿ ಯಾವ ತಂಡದ ಲೆಕ್ಕಕ್ಕೂ ಹೊಂದುವುದಿಲ್ಲ. ಅದೇ ಹೊತ್ತಿಗೆ, ಹೋದ ವರ್ಷ ಕಾಲು ಮುರಿದುಕೊಂಡು ಸರಾಸರಿ ಕುಸಿದ ಒಳ್ಳೆಯ ಸವಾರನಿಗೆ ಎಲ್ಲ ಮ್ಯಾನೇಜರುಗಳೂ ಗಾಳ ಹಾಕುತ್ತಾರೆ. ಅಗ್ಗದಲ್ಲಿ ಸಿಗುವ ಮಾಲು ಅವನು.

ಈಚಿನ ವರ್ಷಗಳಲ್ಲಿ ಮೇಲಿನ ದರ್ಜೆಯ ಪ್ರೀಮಿಯರ್‌ಶಿಪ್‌ನಲ್ಲಿ ಪ್ರತಿ ತಂಡವೂ ಒಬ್ಬ ಎಳೆಯ ಬ್ರಿಟಿಷ್ ಸವಾರನಿಗೆ ‘ರೈಸಿಂಗ್ ಸ್ಟಾರ್’ ಎಂದು ಒಂದು ಜಾಗ ಇಡುವ ಏರ್ಪಾಡು ಬಂತು. ಒಳ್ಳೆಯ ಹೆಜ್ಜೆ. ನಾನಾದರೆ ಇನ್ನೂ ಮುಂದೆ ಹೋಗಿ, ಕ್ಲಬ್ಬು ತಾನೇ ಬೆಳೆಸಿದವನ ಏರಿಕೆಯನ್ನು ಎರಡು ವರ್ಷ ಲೆಕ್ಕಕ್ಕೇ ಹಿಡಿಯಬೇಡಿ ಎನ್ನುತ್ತಿದ್ದೆ.

ಎರವಲು ಸವಾರ

ನಮ್ಮವರಿಗೆ ಹೇಳಿದರೆ ನಂಬದ ನಿಯಮ ಇನ್ನೊಂದಿದೆ. ತಂಡದ ಮುಖ್ಯ ಸವಾರ ಗಾಯಗೊಂಡರೆ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ಸರಾಸರಿಯ ಸವಾರನೊಬ್ಬನನ್ನು ಬೇರೆ ತಂಡದಿಂದ ಒಂದು ಪಂದ್ಯದ ಮಟ್ಟಿಗೆ ಕರೆಸಿಕೊಳ್ಳಬಹುದು. ಅವನನ್ನು ಗೆಸ್ಟ್ ಎನ್ನುತ್ತಾರೆ. ಸೋಮವಾರ ನಿಮ್ಮ ಎದುರಾಳಿಯಾಗಿ ಓಡಿದವನು ಗುರುವಾರ ನಿಮ್ಮ ತಂಡದ ಅಂಗಿ ತೊಟ್ಟು ಓಡಬಹುದು. ಅಂಕಪಟ್ಟಿಯಲ್ಲಿ ಅವನ ಸ್ವಂತ ತಂಡಕ್ಕೂ ನಿಮ್ಮ ತಂಡಕ್ಕೂ ಪೈಪೋಟಿ ಇದ್ದರೂ ಸರಿ.

ಬೆಳಗಾವಿ ಸುತ್ತಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳನ್ನು ನೋಡಿದವರಿಗೆ ‘ಒಂದು ಊರು, ಒಂದು ತಂಡ’ ಎಂಬ ಶರತ್ತು ಗೊತ್ತು. ಆಡುವವನು ಆ ಊರಿನವನೇ ಆಗಿರಬೇಕು. ತಕರಾರು ಎದ್ದರೆ ಆಧಾರ್ ಕಾರ್ಡ್ ತೋರಿಸಬೇಕು. ದುಡ್ಡು ಕೊಟ್ಟು ಹೊರಗಿನ ಹೊಡೆತಗಾರರನ್ನು ಕರೆತಂದು ಕಪ್ಪು ಒಯ್ಯುವವರ ಕಾಟ ತಾಳಲಾರದೆ ಹುಟ್ಟಿದ ಶರತ್ತು ಅದು. ಆ ಕಣ್ಣಿನಿಂದ ನೋಡಿದರೆ ಗೆಸ್ಟ್ ನಿಯಮ ಅನ್ಯಾಯವೇ.

ಅಕ್ಕನ ಮಗ ಇದಕ್ಕೆ ಜಗ್ಗುವುದಿಲ್ಲ. ‘ಮಾಮಾ, ಇಲ್ಲಿ ವಾರಕ್ಕೊಬ್ಬ ಬಿದ್ದು ಕಾಲರ್ ಬೋನ್ ಮುರ್ಕೊತಾನ್ರಿ. ಏಳು ಮಂದಿ ಟೀಮಿನ್ಯಾಗ ನಂಬರ್ ಒನ್ ಹೋದ್ರ ಪಂದ್ಯ ನೋಡಾಕ ಏನ್ ಉಳಿತೈತಿ?’ ಅವನ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಇನ್ನೊಂದು ಮದ್ದು ಅದೇ ನಿಯಮಾವಳಿಯಲ್ಲೇ ಇದೆ. ‘ರೈಡರ್ ರಿಪ್ಲೇಸ್‌ಮೆಂಟ್’ ಎಂದು ಅದಕ್ಕೆ ಹೆಸರು. ಗಾಯಗೊಂಡವನು ಓಡಬೇಕಿದ್ದ ಓಟಗಳನ್ನು ಅವನ ತಂಡದ ಉಳಿದವರೇ ಹಂಚಿಕೊಂಡು ಓಡುವುದು. ಹೊರಗಿನವನ ಹಂಗಿಲ್ಲ. ದಣಿವು ಅವರದು, ಗೆದ್ದರೆ ಗೆಲುವೂ ಅವರದು. ನನಗೆ ಇದೇ ಸರಿ ಅನ್ನಿಸುತ್ತದೆ. ಎರವಲು ಬಂದವನು ಮನಸ್ಸು ಬಿಚ್ಚಿ ಓಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳ ಮಂದಿ ಪ್ರಾಣ ಪಣಕ್ಕಿಟ್ಟೇ ಓಡುತ್ತಾರೆ. ಆದರೆ ಅವನು ಸೋತ ದಿನ ಪ್ರೇಕ್ಷಕನ ತಲೆಯಲ್ಲಿ ಒಂದು ಹುಳ ಹೊಕ್ಕೇ ಹೊಗುತ್ತದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪ ಬಂದು ಬಂಧನಗಳಾದಾಗ, ಅಲ್ಲಿಯವರೆಗೆ ನಾವು ಚಪ್ಪಾಳೆ ತಟ್ಟಿದ ಪ್ರಾಮಾಣಿಕ ಆಟಗಳ ಮೇಲೂ ನೆರಳು ಬಿತ್ತು. ಅನುಮಾನಕ್ಕೆ ಜಾಗ ಕೊಡುವ ನಿಯಮ, ಮೋಸ ನಡೆಯದಿದ್ದರೂ, ಆಟಕ್ಕೆ ನಷ್ಟವೇ.

ಕಪ್ಪು-ಬಿಳುಪು ಹೆಲ್ಮೆಟ್ಟಿನ ತಪ್ಪು

ಈಗ ಇಮ್ಮಡಿ ಅಂಕದ ವಿಚಾರ. ಅದಕ್ಕೂ ಹಿಂದೆ ಸ್ಪೀಡ್‌ವೇಯಲ್ಲಿ ‘ಟ್ಯಾಕ್ಟಿಕಲ್ ಸಬ್‌ಸ್ಟಿಟ್ಯೂಟ್’ ಎಂಬ ಹಳೆಯ ನಿಯಮವಿತ್ತು. ಆರು ಅಂಕ ಹಿಂದೆ ಬಿದ್ದ ತಂಡ ತನ್ನ ದುರ್ಬಲ ಸವಾರನ ಸರದಿಯಲ್ಲಿ ಬಲವಾದವನನ್ನು ಇಳಿಸಬಹುದಿತ್ತು. ಅವನು ಗೆದ್ದರೆ ಎಲ್ಲರಂತೆ ಮೂರೇ ಅಂಕ. ಇದರ ಮೇಲೆ ನನ್ನದೇನೂ ತಕರಾರಿಲ್ಲ. ಹಿಂದೆ ಬಿದ್ದವನಿಗೆ ಒಂದು ಹೆಚ್ಚಿನ ಅವಕಾಶ ಸಿಕ್ಕಿತು, ಅದನ್ನು ಅಂಕವಾಗಿಸಿಕೊಳ್ಳುವ ಕೆಲಸ ಅವನ ಕೈಯಲ್ಲೇ ಉಳಿಯಿತು. ಇಮ್ಮಡಿ ಅಂಕದಲ್ಲಿ ಹಾಗಲ್ಲ. ಅದೇ ಟ್ರ್ಯಾಕು, ಅದೇ ನಾಲ್ಕು ಸುತ್ತು, ಅದೇ ಗೆಲುವು. ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಆರು. ಹೆಚ್ಚು ಕೊಟ್ಟದ್ದು ಹೆಚ್ಚು ಕಷ್ಟಪಟ್ಟದ್ದಕ್ಕಲ್ಲ. ಮೊದಲ ಓಟಗಳಲ್ಲಿ ಸೋತದ್ದಕ್ಕೆ.

ಇದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ಉದ್ಯಮಬಾಗದಲ್ಲಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಇದೆ. ಎರಕಕ್ಕೆ ಬಳಸಿದ ಮರಳನ್ನು ಮತ್ತೆ ಬಳಸುವಂತೆ ಹದಮಾಡುವ ಘಟಕದಂಥ ಸೌಲಭ್ಯಗಳು ಅಲ್ಲಿ ಎಲ್ಲರಿಗೂ ಸೇರಿ ಇವೆ. ಸಣ್ಣ ಫೌಂಡ್ರಿಯವನು ಒಬ್ಬನೇ ಅಂಥ ಯಂತ್ರ ಕೂರಿಸಲಾರ. ಕೂಡಿ ಕಟ್ಟಿದ್ದರಿಂದ ಅವನಿಗೂ ದೊಡ್ಡವರ ಜೊತೆ ನಿಲ್ಲುವ ಅವಕಾಶ ಸಿಕ್ಕಿತು. ಆದರೆ ಅವನ ಕಾಸ್ಟಿಂಗು ನನ್ನ ಲೇತಿಗೆ ಬಂದು ಬೋರ್ ಆದ ಮೇಲೆ ತೂರಿಸುವ ಪ್ಲಗ್ ಗೇಜು ಸಣ್ಣವನಿಗೊಂದು, ದೊಡ್ಡವನಿಗೊಂದು ಅಂತಿಲ್ಲ. ‘ಗೋ’ ತುದಿ ಹೋಗಬೇಕು, ‘ನೋ ಗೋ’ ತುದಿ ಹೋಗಬಾರದು. ಪಾಪ, ಸಣ್ಣ ಫೌಂಡ್ರಿ, ಈ ತಿಂಗಳು ನಷ್ಟದಲ್ಲಿದೆ ಎಂದು ಸಡಿಲ ಗೇಜು ಹಿಡಿದರೆ ಆ ಪೀಸು ಯಾವುದೋ ಟ್ರ್ಯಾಕ್ಟರಿನೊಳಗೆ ಹೋಗಿ ಒಡೆಯುತ್ತದೆ. ನೆರವು ಕೊಡುವ ಜಾಗ ಬೇರೆ, ಅಳೆಯುವ ಜಾಗ ಬೇರೆ. ಸರಾಸರಿಯ ಮಿತಿ, ಎಳೆಯರಿಗೆ ಮೀಸಲು, ಬದಲಿ ಸವಾರ, ಇವೆಲ್ಲ ನೆರವಿನ ಕಡೆಯವು. ಇಮ್ಮಡಿ ಅಂಕ ಗೇಜಿಗೇ ಕೈ ಹಾಕಿತು.

ಹಿಂದೆ ಬಿದ್ದವರಿಗೆ ಹೆಚ್ಚು ಅಂಕ ಸಿಗುವ ನಿಯಮಗಳೆಲ್ಲ ಕೆಟ್ಟವಲ್ಲ. ಕಬಡ್ಡಿಯ ಸೂಪರ್ ಟ್ಯಾಕಲ್ ನೋಡಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ದಾಳಿಗೆ ಬಂದವನನ್ನು ಹಿಡಿದರೆ ಎರಡು ಅಂಕ. ಸೋಲುತ್ತಿರುವ ತಂಡಕ್ಕೇ ಇದರ ಲಾಭ ಹೆಚ್ಚು. ಆದರೂ ಪ್ರೊ ಕಬಡ್ಡಿ ನೋಡುವ ನಮ್ಮೂರ ಚಾದಂಗಡಿಯಲ್ಲಿ ಯಾರೂ ಅದನ್ನು ಅನ್ಯಾಯ ಎಂದದ್ದನ್ನು ನಾನು ಕೇಳಿಲ್ಲ. ಏಳು ಜನ ಹಿಡಿಯುವುದಕ್ಕಿಂತ ಮೂವರು ಹಿಡಿಯುವುದು ಕಷ್ಟ. ಹೆಚ್ಚಿನ ಅಂಕ ಹೆಚ್ಚಿನ ಕಷ್ಟಕ್ಕೆ ಬಂದ ಕೂಲಿ. ಸ್ಕೋರ್ ಬೋರ್ಡಿನಲ್ಲಿ ಮುಂದಿರುವ ತಂಡವೂ ಮೂವರಿಗೆ ಇಳಿದಾಗ ಅದೇ ಎರಡು ಅಂಕ ಪಡೆಯುತ್ತದೆ.

ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ, ಮತ್ತೇನು ಅನ್ಯಾಯ ಎಂದು ಅಕ್ಕನ ಮಗ ಕೇಳುತ್ತಾನೆ. ಅದಕ್ಕೆ ನನ್ನ ಉತ್ತರ 2019ರ ಜುಲೈ 14ರ ಲಾರ್ಡ್ಸ್ ಮೈದಾನ. ವಿಶ್ವಕಪ್ ಫೈನಲ್ ಸಮವಾಯಿತು, ಸೂಪರ್ ಓವರೂ ಸಮವಾಯಿತು. 26 ಬೌಂಡರಿ ಹೊಡೆದ ಇಂಗ್ಲೆಂಡು 17 ಹೊಡೆದ ನ್ಯೂಜಿಲೆಂಡನ್ನು ಸೋಲಿಸಿತು ಎಂದು ಘೋಷಿಸಿದರು. ನಿಯಮ ಪುಸ್ತಕದಲ್ಲಿತ್ತು, ಎರಡೂ ತಂಡಗಳಿಗೆ ಗೊತ್ತಿತ್ತು. ಆದರೂ ಓಡಿ ತೆಗೆದ ರನ್ನಿಗೂ ಹೊಡೆದ ರನ್ನಿಗೂ ಭೇದ ಮಾಡಿದ್ದು ಯಾರಿಗೂ ನುಂಗಲಾಗಲಿಲ್ಲ. ಮೂರೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ ಐಸಿಸಿ ಅದನ್ನು ತೆಗೆದುಹಾಕಿತು. ಮೊದಲೇ ತಿಳಿಸಿದ್ದು ಅಗತ್ಯ, ಆದರೆ ಅಷ್ಟೇ ಸಾಲದು.

ಹದಿನೈದು ಮೀಟರ್ ಹಿಂದೆ

ಸ್ಪೀಡ್‌ವೇಯಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಶಿಕ್ಷೆಗೆ ಸಂಬಂಧಿಸಿದ್ದು. ಆರಂಭದ ಗೆರೆಯಲ್ಲಿ ಅಡ್ಡ ಕಟ್ಟಿದ ಟೇಪುಗಳು ಮೇಲೆ ಹಾರುತ್ತಲೇ ಓಟ ಶುರು. ಅವಸರದಲ್ಲಿ ಮೊದಲೇ ನುಗ್ಗಿ ಟೇಪು ಮುಟ್ಟಿದವನು ತಪ್ಪಿತಸ್ಥ. ಬ್ರಿಟಿಷ್ ಲೀಗಿನಲ್ಲಿ ಅವನ ಜಾಗಕ್ಕೆ ಮೀಸಲು ಸವಾರನನ್ನು ಕಳಿಸಬಹುದು, ಇಲ್ಲವೆ ಅವನೇ 15 ಮೀಟರ್ ಹಿಂದೆ ನಿಂತು ಓಡಬಹುದು. ಹಾಗೆ ಹಿಂದೆ ನಿಂತವನು ಮೂವರನ್ನೂ ದಾಟಿ ಗೆದ್ದರೆ ಮೂರು ಅಂಕ ಪೂರ್ತಿ. ತಪ್ಪಿಗೆ ದೂರದ ರೂಪದಲ್ಲಿ ದಂಡ ಹಾಕಿದರು, ಅಂಕದ ಬೆಲೆ ಮುಟ್ಟಲಿಲ್ಲ. ಆ 15 ಮೀಟರ್ ತುಂಬಿಕೊಂಡು ಬಂದವನಿಗೆ ಎದುರಾಳಿ ತಂಡದವರೂ ಚಪ್ಪಾಳೆ ಹೊಡೆಯುತ್ತಾರೆ. ಇಮ್ಮಡಿ ಅಂಕ ಪಡೆದವನಿಗೆ ಆ ಚಪ್ಪಾಳೆ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಬಿದ್ದಾಗಿನ ತೀರ್ಪೂ ಹಾಗೆ. ಯಾರಾದರೂ ಬಿದ್ದು ಓಟ ನಿಂತರೆ ರೆಫರಿ ಬೀಳಲು ಮುಖ್ಯ ಕಾರಣ ಯಾರು ಎಂದು ಗುರುತಿಸಿ ಅವನನ್ನು ಹೊರಗಿಡಬೇಕು. ಉಳಿದವರಷ್ಟೇ ಮತ್ತೆ ಓಡುತ್ತಾರೆ. ಆದರೆ ಮೊದಲ ತಿರುವಿನಲ್ಲಿ ನಾಲ್ವರೂ ಒಟ್ಟಿಗೆ ನುಗ್ಗುವಾಗ ತಪ್ಪು ಯಾರದೆಂದು ಹೇಳುವುದು ಕಷ್ಟ. ಅಲ್ಲಿ ನಾಲ್ವರನ್ನೂ ವಾಪಸು ಕರೆದು ಓಟ ಮೊದಲಿನಿಂದ ನಡೆಸುವ ಅಧಿಕಾರ ರೆಫರಿಗಿದೆ. ತಿಳಿಯದ ಕಡೆ ತಿಳಿದವನಂತೆ ತೀರ್ಪು ಕೊಡಬೇಡ ಎಂದು ನಿಯಮವೇ ಹೇಳಿದಂತಾಯಿತು.

ನೆಲದ ನ್ಯಾಯವೂ ಒಂದಿದೆ. ಟ್ರ್ಯಾಕು ಆತಿಥೇಯರ ಕೈಯಲ್ಲಿ. ನೀರು ಎಷ್ಟು ಹೊಡೆಯಬೇಕು, ಮಣ್ಣು ಎಲ್ಲಿ ದಪ್ಪ ಇರಬೇಕು ಎಂಬುದರ ಮೇಲೆ ಓಟದ ಗತಿ ನಿಂತಿದೆ. ಮ್ಯಾಂಚೆಸ್ಟರಿನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ 2016ರ ಮಾರ್ಚಿನಲ್ಲಿ ಉದ್ಘಾಟನೆಗೆ ಸಿದ್ಧವಾದಾಗ ಟ್ರ್ಯಾಕು ಓಟಕ್ಕೆ ಯೋಗ್ಯವಾಗಿಲ್ಲವೆಂದು ಮೊದಲ ದಿನದ ಕೂಟವನ್ನೇ ರದ್ದು ಮಾಡಬೇಕಾಯಿತು. ಜನ ಸಿಟ್ಟಾದರು. ಅದೇ ಸರಿಯಾದ ತೀರ್ಮಾನವಾಗಿತ್ತು. ಬ್ರೇಕಿಲ್ಲದ ಬೈಕಿನ ಮೇಲೆ ಕುಳಿತವನಿಗೆ ಮೊದಲ ನ್ಯಾಯ ಎಂದರೆ ನಂಬಬಹುದಾದ ನೆಲ.

ಜೋಡಿ ಹಚ್ಚುವ ಹಿರಿಯರು

ಇಷ್ಟೆಲ್ಲ ಹೇಳುವಾಗ ನಮ್ಮೂರ ಚಾದಂಗಡಿಯ ಬೆಂಚಿನ ಮೇಲೆ ಕೂರುವ ಹಳೆಯ ಪೈಲ್ವಾನರೊಬ್ಬರು ನಗುತ್ತಾರೆ. ‘ತಮ್ಮಾ, ನಿಮ್ಮ ಸಾಹೇಬರ ಸರಾಸರಿ ನಮ್ಮ ಕಣದಾಗ ಮದ್ಲಿಂದ ಐತಿ. ಕಾಗದದ ಮ್ಯಾಲ ಇಲ್ಲ, ಅಷ್ಟ.’ ಅವರು ಹೇಳುವುದು ಜಾತ್ರೆಯ ಮಣ್ಣಿನ ಕುಸ್ತಿಯ ಮಾತು. ಒಲಿಂಪಿಕ್ಸಿನಂತೆ ತೂಕದ ತಕ್ಕಡಿ ಇಲ್ಲಿಲ್ಲ. ಕುಸ್ತಿ ಬಲ್ಲ ಹಿರಿಯರು ಹುಡುಗರ ಮೈಕಟ್ಟು, ಹಿಂದೆ ಹಿಡಿದ ಕುಸ್ತಿ ನೋಡಿ ಜೋಡಿ ಹಚ್ಚುತ್ತಾರೆ. ಒಪ್ಪಿಗೆಯಿಲ್ಲದಿದ್ದರೆ ಪೈಲ್ವಾನ ಕೈ ಕೊಡದೆ ಹಿಂದೆ ಸರಿಯಬಹುದು. ಕೈ ಕೊಟ್ಟು, ಮಣ್ಣು ಹಚ್ಚಿಕೊಂಡು, ಹಲಗಿ ಶುರುವಾದ ಮೇಲೆ ಯಾರೂ ನಡುವೆ ಬರುವುದಿಲ್ಲ. ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗುವ ತನಕ. ಸಮ ಮಾಡುವ ಕೆಲಸ ಕಣಕ್ಕೆ ಇಳಿಯುವ ಮೊದಲೇ ಮುಗಿದಿರುತ್ತದೆ.

ಗಾಡಾ ಶರ್ಯತ್ತಿನಲ್ಲೂ ಹಲ್ಲು ನೋಡಿ ಹೋರಿಗಳನ್ನು ಗುಂಪು ಮಾಡುವ ಪದ್ಧತಿ ಇದೆ. ಎಳೆಯ ಹೋರಿ ಬಲಿತ ಎತ್ತಿನ ಎದುರು ಓಡುವುದಿಲ್ಲ. ಆದರೆ ಇಲ್ಲಿ ನ್ಯಾಯದ ಪ್ರಶ್ನೆ ಇನ್ನೊಂದು ಮಗ್ಗುಲಿಂದ ಬಂತು. ಸ್ಪೀಡ್‌ವೇ ಸವಾರ ತನ್ನ ಇಚ್ಛೆಯಿಂದ ಬೈಕು ಹತ್ತುತ್ತಾನೆ, ಎತ್ತನ್ನು ಯಾರೂ ಕೇಳುವುದಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟಗಳನ್ನೂ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳಕ್ಕೂ ಗಾಡಿ ಓಟಕ್ಕೂ ಶರತ್ತುಗಳೊಂದಿಗೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ಕಾನೂನುಗಳ ಜೊತೆ ನಮ್ಮದನ್ನೂ ಎತ್ತಿಹಿಡಿಯಿತು. ಹಿಂಸೆ ಆಗದಂತೆ ನಡೆಸುವ ಹೊಣೆ ಈಗ ಸಂಘಟಕರದು.

ನಿಯಮ ಬರೆಯುವವರು ಯಾರು?

ಬ್ರಿಟಿಷ್ ಸ್ಪೀಡ್‌ವೇ ಅಭಿಮಾನಿಗಳ ಸಿಟ್ಟಿನ ಬೇರು ನಾನು ತಿಳಿದ ಮಟ್ಟಿಗೆ ಇಲ್ಲೇ ಇದೆ. ಲೀಗು ನಡೆಸುವುದು ಪ್ರಮೋಟರುಗಳ ಸಂಘಟನೆ. ಪ್ರಮೋಟರು ಅಂದರೆ ಕ್ಲಬ್ಬಿನ ಒಡೆಯರು. ಚಳಿಗಾಲದ ಸಭೆಯಲ್ಲಿ ಮುಂದಿನ ವರ್ಷದ ಮಿತಿ ಎಷ್ಟು, ಗೆಸ್ಟ್ ಯಾವಾಗ, ಬದಲಿ ಹೇಗೆ ಎಂದು ಅವರೇ ಗೊತ್ತುಮಾಡುತ್ತಾರೆ. ಮಿತಿ ಎರಡು ಅಂಕ ಇಳಿದರೆ ಗೆದ್ದ ತಂಡ ಒಡೆಯುತ್ತದೆ, ಎರಡು ಏರಿದರೆ ಉಳಿಯುತ್ತದೆ. ಕೈ ಎತ್ತುವ ಪ್ರತಿಯೊಬ್ಬನಿಗೂ ತನ್ನ ತಂಡದ ಲೆಕ್ಕ ತಲೆಯಲ್ಲಿರುತ್ತದೆ. ಅವರು ಕೆಟ್ಟವರೆಂದಲ್ಲ. ಆ ಕುರ್ಚಿಯಲ್ಲಿ ಯಾರು ಕೂತರೂ ಹಾಗೇ ಆಗುತ್ತದೆ.

ಅವರ ಕಷ್ಟವೂ ಸಣ್ಣದಲ್ಲ. ಕವೆಂಟ್ರಿ ತಂಡ 2016ರ ನಂತರ ತನ್ನ ಬ್ರಾಂಡನ್ ಸ್ಟೇಡಿಯಂ ಕಳೆದುಕೊಂಡಿತು. ವುಲ್ವರ್‌ಹ್ಯಾಂಪ್ಟನ್ ತಂಡ ಮೊನ್ಮೋರ್ ಗ್ರೀನಿನಲ್ಲಿ 2023ರಲ್ಲಿ ಕೊನೆಯ ಹಂಗಾಮು ಓಡಿತು. ಜಾಗದ ಬೆಲೆ ಏರಿದ ಕಡೆ ಬೈಕಿನ ಸದ್ದು ಯಾರಿಗೂ ಬೇಡ. ಇಂಥ ಹೊತ್ತಿನಲ್ಲಿ ಹತ್ತು ಓಟಕ್ಕೇ ಫಲಿತಾಂಶ ಗೊತ್ತಾಗುವ ಪಂದ್ಯ ನಡೆಸಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ಭಯದಿಂದಲೇ ಇಮ್ಮಡಿ ಅಂಕದಂಥ ಆಲೋಚನೆಗಳು ಹುಟ್ಟುತ್ತವೆ. ಭಯ ನಿಜವಾದದ್ದೇ. ಆದರೆ ಪೆನ್ಸಿಲ್ ಹಿಡಿದು ಕೂತವನಿಗೆ ತಾನು ಬರೆಯುವ ಅಂಕದ ಮೇಲೆ ನಂಬಿಕೆ ಹೋದರೆ ಅವನು ಮುಂದಿನ ವಾರವೂ ಬರುವುದಿಲ್ಲ.

ನಮ್ಮಲ್ಲೂ ಬೈಕ್ ಲೀಗು ಬಂದಾಗಿದೆ. 2024ರ ಜನವರಿಯಲ್ಲಿ ಪುಣೆಯಲ್ಲಿ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗಿನ ಮೊದಲ ಹಂಗಾಮು ಫೆಬ್ರುವರಿಯಲ್ಲಿ ಅಹಮದಾಬಾದ್ ಮುಗಿಸಿ ಬೆಂಗಳೂರಿನಲ್ಲಿ ಕೊನೆಗೊಂಡಿತು. ಇದು ಸ್ಪೀಡ್‌ವೇ ಅಲ್ಲ, ಮಣ್ಣಿನ ದಿಬ್ಬಗಳ ಮೇಲೆ ಬೈಕು ಹಾರಿಸುವ ಆಟ. ಗೆದ್ದದ್ದು ಬಿಗ್‌ರಾಕ್ ಮೋಟರ್‌ಸ್ಪೋರ್ಟ್ಸ್, ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ತಂಡ. ಇಲ್ಲಿ ಸವಾರರನ್ನು ಹರಾಜಿನಲ್ಲಿ ಹಂಚಿದರು, ವಿದೇಶಿ ಸವಾರರ ಜೊತೆ ನಮ್ಮವರಿಗೂ ಪ್ರತ್ಯೇಕ ವಿಭಾಗದಲ್ಲಿ ಓಡುವ ಅವಕಾಶ ಇಟ್ಟರು. ಸಮ ಮಾಡುವ ಕೆಲಸ ಗೇಟು ಬೀಳುವ ಮೊದಲೇ ಆಯಿತು. ಇದು ಇನ್ನೂ ಎಳೆಯ ಲೀಗು. ಮುಂದೆ ಟಿವಿಯವರು ರೋಚಕತೆ ಸಾಲದು ಎಂದು ಕೇಳುವ ದಿನ ಬಂದೇ ಬರುತ್ತದೆ. ಆ ದಿನ ಬ್ರಿಟನ್ನಿನ ಕಪ್ಪು-ಬಿಳುಪು ಹೆಲ್ಮೆಟ್ಟನ್ನು ನೆನಪಿಸಿಕೊಂಡರೆ ಒಳ್ಳೆಯದು.

ನನ್ನನ್ನು ಕೇಳಿದರೆ ಬ್ರಿಟಿಷ್ ಲೀಗಿಗೆ ನಾನು ಹೇಳುವುದು ಇಷ್ಟು. ಸರಾಸರಿಯ ಮಿತಿ ಇರಲಿ, ಆದರೆ ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಾಗಲಿ. ಕ್ಲಬ್ಬು ಬೆಳೆಸಿದ ಹುಡುಗನಿಗೆ ವಿನಾಯಿತಿ ಕೊಡಿ. ಗೆಸ್ಟ್ ಬೇಡ, ತಂಡದವರೇ ಹಂಚಿಕೊಂಡು ಓಡಲಿ. ಗೆಲುವಿನ ಬೆಲೆ ಮೊದಲ ಓಟದಿಂದ ಹದಿನೈದನೆಯದರವರೆಗೆ ಮೂರೇ ಇರಲಿ. ಅಕ್ಕನ ಮಗ ಇದರಲ್ಲಿ ಎರಡಕ್ಕೆ ಒಪ್ಪುತ್ತಾನೆ, ಗೆಸ್ಟ್ ವಿಚಾರಕ್ಕೆ ಮಾತ್ರ ಈಗಲೂ ಫೋನಿನಲ್ಲಿ ದನಿ ಏರಿಸುತ್ತಾನೆ. ಏರಿಸಲಿ.

ಕೊನೆಯ ಮಾತು ಇಲ್ಲಿಯವರಿಗೆ. ನಮ್ಮ ಜಾತ್ರೆಯ ಪ್ರತಿ ಕರಪತ್ರದ ಕೆಳಗೂ ‘ಪಂಚರ ನಿರ್ಣಯವೇ ಅಂತಿಮ’ ಎಂದು ಅಚ್ಚು ಹಾಕಿರುತ್ತಾರೆ. ಅದಕ್ಕೆ ತಲೆಬಾಗಲು ನಮಗೆ ಅಡ್ಡಿಯಿಲ್ಲ. ಪಂಚರ ಎತ್ತು ಮಾತ್ರ ಆ ಶರ್ಯತ್ತಿನಲ್ಲಿ ಓಡಬಾರದು.